ನಾಲ್ಕನೆಯ ದಿನದ ಕಾಫಿ

ಮೊಂಟಾನಾದ ಆ ಸಣ್ಣ ಊರಿನಲ್ಲಿ ಯಾರೇ ಹೊರರಾಜ್ಯದಿಂದ ರೈಫಲ್ ತರಿಸಿದರೂ ಅದು ನೇರ ಮನೆಗೆ ಬರುವಂತಿಲ್ಲ. ಲೈಸೆನ್ಸ್ ಇರುವ ವರ್ಲಿನ್ ಸ್ಟಕಿಯ ಅಂಗಡಿಗೇ ಬರಬೇಕು. ವರ್ಲಿನ್ ಪೆಟ್ಟಿಗೆ ಬಿಚ್ಚಿ, ಬಂದೂಕಿನ ಮೇಲೆ ಕೊರೆದ ನಂಬರನ್ನು ದೇವರ ವಾಕ್ಯದಂತೆ ಎರಡು ಸಲ ಓದುತ್ತಾನೆ. ಆಮೇಲೆ ಫಾರಂ ಮುಂದಿಟ್ಟು, ಜೊತೆಯಲ್ಲೇ ಬೆಳೆದವನನ್ನೂ ಹೆಸರು ಕೇಳುತ್ತಾನೆ. ಹೆಂಡತಿಯ ತಮ್ಮ ಗಾರ್ತ್‌ಗೂ ರಿಯಾಯಿತಿಯಿಲ್ಲ. "ಭಾವ, ನಮ್ಮಕ್ಕನ್ನ ಕಟ್ಕೊಂಡು ಮೂವತ್ತು ವರ್ಷ ಆಯ್ತು, ಇನ್ನೂ ನನ್ ಹೆಸರು ಗೊತ್ತಾಗ್ಲಿಲ್ವಾ?" "ಪೂರ್ತಿ ಹೆಸರು ಹೇಳೋ. ರೈಫಲ್ ನಿನಗೇನಾ, ಬೇರೆಯವರಿಗಾ?" ಆಮೇಲೆ, ಇವನಿಗೆ ಬಂದೂಕು ಕೊಡಬಹುದೇ, ಹಳೆಯ ಅಪರಾಧವೇನಾದರೂ ಇದೆಯೇ ಎಂದು ಕೇಳಲು ಸರ್ಕಾರಕ್ಕೆ ಫೋನು. ಹೆಚ್ಚಿನವರಿಗೆ ಹತ್ತು ನಿಮಿಷದಲ್ಲಿ "ಕೊಡಿ" ಎನ್ನುತ್ತಾರೆ. ಈ ಸಲ ಗಾರ್ತ್‌ಗೆ "ತಡೆಯಿರಿ" ಎಂದರು. ಮೂರು ಕೆಲಸದ ದಿನ ಕಳೆದರೂ ಉತ್ತರ ಬಾರದಿದ್ದರೆ ಅಂಗಡಿಯವನು ಬಂದೂಕು ಕೊಡಬಹುದು. ನಾಲ್ಕನೆಯ ದಿನ ಬೆಳಿಗ್ಗೆಯೇ ಗಾರ್ತ್ ಹಾಜರಾದ. ಮರುದಿನವೇ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ ಶುರು. "ಕಾನೂನೇ ಕೊಡು ಅನ್ನತ್ತೆ, ನೀನ್ಯಾರು ಹಿಡ್ಕೊಳ್ಳೋಕೆ?" "ಕೊಡಬಹುದು ಅನ್ನತ್ತೆ, ಕೊಡಲೇಬೇಕು ಅನ್ನಲ್ಲ." ಊರಿನವರು ಇದನ್ನು ವರ್ಲಿನ್‌ನ ಮೊಂಡುತನ ಎಂದು ನಗುತ್ತಾರೆ. ಹನ್ನೊಂದು ವರ್ಷದ ಹಿಂದೆ ವರ್ಲಿನ್ ಒಬ್ಬನಿಗೆ ನಾಲ್ಕನೆಯ ದಿನ ರೈಫಲ್ ಕೊಟ್ಟಿದ್ದ. ಐದನೆಯ ದಿನ "ಕೊಡಬೇಡಿ" ಎಂಬ ಉತ್ತರ ಬಂದಾಗ, ಅದನ್ನು ವಾಪಸು ತರಲು ಹದಿನೆಂಟು ಮೈಲಿ ಗಾಡಿ ಓಡಿಸಿದ್ದ. ಆ ಮನೆಯ ಮುಂದೆ ಪೊಲೀಸ್ ಮುಖ್ಯಸ್ಥ ಷೆರಿಫ್‌ನ ಕಾರು ಆಗಲೇ ನಿಂತಿತ್ತು; ಗುಂಡು ಹಾರಿಹೋಗಿತ್ತು. ಅಂದು ಗಾಡಿಯಲ್ಲಿ ಅವನ ಪಕ್ಕ ಕೂತಿದ್ದವನು ಗಾರ್ತ್. ಈಗ ಅವನು ಟೋಪಿ ತೆಗೆದು ಸ್ಟೂಲಿನ ಮೇಲೆ ಕೂತ. "ಕಾಫಿಯಾದ್ರೂ ಕೊಡ್ತೀಯಾ ಭಾವ, ಅದಕ್ಕೂ ಫಾರಂ ತುಂಬಬೇಕಾ?" ವರ್ಲಿನ್ ಎರಡು ಲೋಟ ತುಂಬಿಸಿ, ಫೋನನ್ನು ಇಬ್ಬರ ನಡುವೆ ಇಟ್ಟ.