ಸೋರುವ ಗಾಡಿಯೂ ಅಕ್ಕನ ಶ್ರೀಶೈಲವೂ

ನನ್ನದು ನಲ್ಲಿ, ಪೈಪು, ವಾಷರುಗಳ ಅಂಗಡಿ. ಶಿಕಾರಿಪುರದಲ್ಲಿ ಯಾರ ಮನೆಯ ಬಚ್ಚಲು ಸೋರಿದರೂ ಸುದ್ದಿ ಮೊದಲು ನನಗೆ ಬರುತ್ತದೆ. ಇವತ್ತು ಬೆಳಿಗ್ಗೆ ಗಿರಾಕಿಯೊಬ್ಬರು ಸಿಲಿಕಾನ್ ಅಂಟು ಒಣಗಿದೆಯೋ ಏನೋ ನೋಡೋಣವೆಂದು ಕೌಂಟರಿನ ಮೇಲೆಯೇ ಟ್ಯೂಬಿನ ಮೂತಿ ಕತ್ತರಿಸಿದರು. ಹಳೆಯ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದ ಹಾಗೆ ಹುಳಿ ವಾಸನೆ ಎದ್ದು ಮೂಗಿಗೆ ಅಡರಿತು. ನಿಮಗೆ ಅದು ಬರೀ ಅಂಟಿನ ವಾಸನೆ ಇರಬಹುದು. ನನಗೆ ಆನವಟ್ಟಿಯ ಅಕ್ಕನ ಅಂಗಳವೇ ಕಣ್ಣೆದುರು ಬಂದು ನಿಂತಿತು. ಗಿರಾಕಿ ಏನು ಕೇಳಿದರೋ, ನಾನು ಏನು ಹೇಳಿದೆನೋ ನೆನಪಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮ ಹುಟ್ಟೂರು ಉಡುತಡಿ. ಅಲ್ಲಿ ಹುಟ್ಟಿದ ಹೆಣ್ಣಿಗೆ ಶ್ರೀಶೈಲಕ್ಕೆ ಹೋಗಬೇಕೆನ್ನಿಸುವುದು ಹೊಸ ಸಂಗತಿಯೇನಲ್ಲ, ಮಲ್ಲಯ್ಯನನ್ನು ಅರಸಿ ಹೊರಟ ವಚನಕಾರ್ತಿಯ ಊರು ಅದೆಂದು ನಿಮಗೂ ಗೊತ್ತು. ನನ್ನಕ್ಕ ಮದುವೆಯಾಗಿ ಆನವಟ್ಟಿಗೆ ಹೋದಳು. ಅಂಗನವಾಡಿಯಲ್ಲಿ ಆ ಊರಿನ ಅರ್ಧ ಮಕ್ಕಳ ಮೂಗು ಒರೆಸಿದಳು. ಭಾವ ತೀರಿಕೊಂಡ ಮೇಲೂ ಅಲ್ಲೇ ಉಳಿದಳು. ಶ್ರೀಶೈಲದ ಮಾತು ಬಂದಾಗೆಲ್ಲ, "ರಿಟೈರ್ ಆಗ್ಲಿ ತಡಿ, ಹೋಗ್ಬರ್ತೀನಿ" ಎನ್ನುತ್ತಿದ್ದಳು. ರಿಟೈರ್ ಆಗುವ ಮೊದಲೇ ಗರ್ಭಕೋಶದ ಆಪರೇಷನ್ ಆಯಿತು. ಆಮೇಲೆ ಅರ್ಧ ಗಂಟೆಗೊಮ್ಮೆ ಬಚ್ಚಲಿಗೆ ಹೋಗಲೇಬೇಕು, ತಡೆಯಲು ಆಗುವುದಿಲ್ಲ. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಳು. ಬಸ್ಸಂತೂ ದೂರದ ಮಾತು.

"ಕಂಡಕ್ಟ್ರಿಗೆ ಎಷ್ಟು ಸಲ ಅಂತ ನಿಲ್ಸ್ರೀ ಅನ್ಲೋ? ಬಸ್ಸಿನ ಜನ ಎಲ್ಲಾ ತಿರುಗಿ ನೋಡ್ತಾರೆ" ಎಂದಿದ್ದಳು ಒಮ್ಮೆ. ಅದಾದ ಮೇಲೆ ಶ್ರೀಶೈಲದ ಹೆಸರೇ ಎತ್ತಲಿಲ್ಲ. ಅವಳು ಎತ್ತದೇ ಇದ್ದದ್ದು ನನ್ನನ್ನು ಹೆಚ್ಚು ಚುಚ್ಚುತ್ತಿತ್ತು.

ಹಾಗಿರುವಾಗ ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದ್ದ ಆ ಗಾಡಿ ಕಂಡಿತು. ಹಳೆಯ ಮಿನಿಬಸ್ಸು. ಯಾರೋ ಸೀಟುಗಳನ್ನೆಲ್ಲ ಕಿತ್ತು ಒಳಗೊಂದು ಮನೆಯನ್ನೇ ಮಾಡಿದ್ದರು. ಎರಡು ಮಂಚ, ಗ್ಯಾಸ್ ಒಲೆ, ಪುಟ್ಟ ಸಿಂಕು, ಹಿಂದಿನ ಮೂಲೆಯಲ್ಲಿ ಬೀರುವಿನಷ್ಟು ಅಗಲದ ಕಕ್ಕಸು. ಕಕ್ಕಸು ಕಂಡದ್ದೇ ತಡ, ಬೇರೇನೂ ನನ್ನ ಕಣ್ಣಿಗೆ ಬೀಳಲಿಲ್ಲ. ಮಾರನೇ ದಿನವೇ ನೋಡಲು ಹೋದೆ.

ಇಂಥದ್ದನ್ನು ಕೊಳ್ಳುವಾಗ ಹೇಗೆ ನೋಡಬೇಕೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೋಡೆ ತಟ್ಟಿ ನೋಡಬೇಕು, ಮ್ಯಾಟು ಎತ್ತಬೇಕು, ಟ್ಯಾಂಕು ತುಂಬಿಸಿ ಒಂದು ಗಂಟೆ ಸುಮ್ಮನೆ ಕೂರಬೇಕು. ಅಂಗಡಿಗೆ ಬಂದವರಿಗೆಲ್ಲ ಇದನ್ನೇ ಉಪದೇಶ ಮಾಡುವವನು ನಾನು. ಆದರೆ ಗಾಡಿಯೊಳಗೆ ಕಾಲಿಟ್ಟರೆ ಎದುರಿಗೇ ಶ್ರೀಶೈಲದ ಮಲ್ಲಯ್ಯನ ದೊಡ್ಡ ಪಟ! ವಿಭೂತಿ ಹಚ್ಚಿ, ಹೂ ಏರಿಸಿದ್ದರು. ದೇವರೇ ಕರೆಯಲು ಬಂದಿದ್ದಾನೆ ಎನ್ನಿಸಿತು. ಚಪ್ಪಲಿ ಬಿಟ್ಟು ಕೈ ಮುಗಿದೆ. ಕೈ ಮುಗಿದ ಗೋಡೆಯನ್ನು ತಟ್ಟಿ ನೋಡುವುದು ಹೇಗೆ, ನೀವೇ ಹೇಳಿ. ಅಲ್ಲೇ ಒಪ್ಪಿಕೊಂಡು, ಕಾಯಿ ಒಡೆದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟುಬಿಟ್ಟೆ. ಪೂಜೆಯಾದ ಗಾಡಿಯಲ್ಲಿ ಕೊರತೆ ಹುಡುಕುವುದು ನಮ್ಮ ಕಡೆಯವರ ಕೈಯಲ್ಲಿ ಆಗುವ ಕೆಲಸವಲ್ಲ.

ನಮ್ಮ ಬೀದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಸೀದಾ ಆನವಟ್ಟಿಗೆ ಒಯ್ದು ಅಕ್ಕನ ಅಂಗಳದಲ್ಲಿ ನಿಲ್ಲಿಸಿದೆ. ಅಕ್ಕ ಒಳಗೆ ಹತ್ತಿ ಕಕ್ಕಸಿನ ಬಾಗಿಲನ್ನು ಮೂರು ಸಲ ತೆಗೆದು ಹಾಕಿ ನೋಡಿದಳು. "ಒಳಗಿಂದ ಚಿಲಕ ಐತಿ" ಎಂದಷ್ಟೇ ಹೇಳಿ ಆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದೇ ವಾರ ಹೊರಡುವುದೆಂದು ನಿಶ್ಚಯವಾಯಿತು.

ಹೊರಡುವ ಹಿಂದಿನ ದಿನ ಟ್ಯಾಂಕಿಗೆ ನೀರು ತುಂಬಿಸಿದೆ. ನಲ್ಲಿ ತಿರುಗಿಸಿದರೆ ಪಂಪು ಗುರ್ ಎಂದಿತು, ನೀರು ಬರಲಿಲ್ಲ. ಬಂದದ್ದು ಮಂಚದ ಕೆಳಗೆ. ಮ್ಯಾಟು ಎತ್ತಿದರೆ ಪ್ಲೈವುಡ್ಡು ನೆನೆದ ಅವಲಕ್ಕಿಯ ಹಾಗೆ ಬೆರಳಿಗೆ ಬಂತು. ಅನುಮಾನ ಬಂದು ಮಲ್ಲಯ್ಯನ ಪಟ ಇಳಿಸಿದೆ. ಅದರ ಹಿಂದೆ ಚಾವಣಿಯಿಂದ ನೆಲದವರೆಗೆ ಕಪ್ಪು ಬೂಷ್ಟು ಹಿಡಿದಿತ್ತು.

"ಪಾಪ, ಅವನಾದ್ರೂ ಎಷ್ಟು ದಿನ ಅಂತ ಅಡ್ಡ ನಿಂತ್ಕೊಂತಾನೆ" ಎಂದು ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಟ್ರ್ಯಾಕ್ಟರ್ ರಿಪೇರಿಯ ಬಾಷಾ ಸಾಬರನ್ನು ಕರೆಸಿದೆ. ಅವರು ಗಾಡಿಯ ಕೆಳಗೆ ತೂರಿ, ಅರ್ಧ ತಾಸಿನ ಮೇಲೆ ಈಚೆ ಬಂದು ಕೈ ಒರೆಸಿಕೊಂಡರು. "ಇಂಜಿನ್ನು ಗಟ್ಟಿ ಐತಿ ಅಣ್ಣಾರೆ. ಶ್ರೀಶೈಲ ಏನು, ಕಾಶಿಗೂ ಹೋಗ್ತೈತಿ. ಮ್ಯಾಲಿನ ಮನಿ ಕೆಲ್ಸ ನಿಮ್ದು, ನನ್ನ ಕೇಳಬ್ಯಾಡ್ರಿ."

ಅಲ್ಲಿಂದ ನನ್ನ ಭಾನುವಾರಗಳು ಶುರುವಾದವು. ಅಂಗಡಿಗೆ ರಜೆ ಅದೊಂದೇ ದಿನ. ಬೈಕಿನ ಹಿಂದೆ ಪೈಪು, ಅಂಟು ಕಟ್ಟಿಕೊಂಡು ಹೋಗುವುದು, ಒಂದು ಕಡೆ ಮುಚ್ಚುವುದು, ಇನ್ನೊಂದು ಕಡೆ ತೊಟ್ಟಿಕ್ಕುವುದನ್ನು ನೋಡುತ್ತ ತಲೆಯ ಮೇಲೆ ಕೈಹೊತ್ತು ಕೂರುವುದು. ನಾನು ಮೇಲೆ ಹತ್ತಿ ನೀರು ಬಿಟ್ಟರೆ ಅಕ್ಕ ಒಳಗೆ ಟಾರ್ಚು ಹಿಡಿದು, "ಇಲ್ಲಿ ಬಂತು ನೋಡೋ" ಎಂದು ಕೂಗುತ್ತಿದ್ದಳು. ಪಂಪು ಸರಿಯಾಯಿತು, ಚಾವಣಿಯ ಸೋರಿಕೆ ನಿಂತಿತು. ಕಡೆಗೆ ಕಕ್ಕಸಿನ ಕೆಳಗಿನ ಟ್ಯಾಂಕು ಬಿರುಕು ಬಿಟ್ಟಿರುವುದು ಗೊತ್ತಾಯಿತು. ಆ ಅಳತೆಯದು ಎಲ್ಲೂ ಸಿಗದು, ಹೇಳಿ ಮಾಡಿಸಬೇಕು.

"ತಮ್ಮಾ, ಒಂದು ಮಾತು ಹೇಳ್ಲಾ?" ಎಂದಳು ಅಕ್ಕ ಅವತ್ತು. "ಮುಚ್ಚಳ ಇರೋ ಬಕೆಟ್ ಒಂದು ಇಟ್ಕೊಂಡು ಹೋಗಾಣ. ನಂಗೆ ಬೇಕಾಗಿದ್ದು ಒಂದು ಬಾಗ್ಲು, ಒಂದು ಚಿಲಕ. ಉಳಿದಿದ್ದು ಸೋರಿದ್ರೆ ಸೋರ್ಲಿ ಬಿಡು."

"ನಲ್ಲಿ ಅಂಗಡಿಯೋನು ಅಕ್ಕನ್ನ ಬಕೆಟ್ ಮ್ಯಾಲೆ ಕೂರಿಸ್ಕೊಂಡು ಶ್ರೀಶೈಲಕ್ಕೆ ಹೋದ ಅಂತ ನಗ್ತಾರೆ ಜನ. ಇನ್ನು ಸ್ವಲ್ಪ ದಿನ ತಡಿಯಕ್ಕ."

ಅಕ್ಕ ಟಾರ್ಚು ಎತ್ತಿ ಹಿಡಿದಳು.

ಮಾಡಿಸಿದ ಟ್ಯಾಂಕನ್ನು ಬೈಕಿಗೆ ಕಟ್ಟಿಕೊಂಡು ಹೋದ ಭಾನುವಾರ ಬಾಗಿಲು ತೆರೆದೇ ಇತ್ತು. ಅಕ್ಕ ಒಲೆಯ ಹತ್ತಿರ ಬಿದ್ದಿದ್ದಳು. ಎಡಗಡೆಯ ಕೈಕಾಲು ಸ್ವಾಧೀನ ತಪ್ಪಿದ್ದವು. ಜೀವ ಉಳಿಯಿತು, ಎದ್ದು ಕೂರುವ ಶಕ್ತಿ ಬರಲಿಲ್ಲ. ಶಿಕಾರಿಪುರಕ್ಕೆ, ನಮ್ಮ ಮನೆಗೇ ಕರೆತಂದೆ. ಮೂತ್ರಕ್ಕೆ ನಳಿಕೆ ಹಾಕಿ ಮಂಚದ ಪಕ್ಕ ಚೀಲ ತೂಗುಹಾಕಿದ್ದಾರೆ. ಈಗ ಅವಳಿಗೆ ಬಚ್ಚಲಿನ ಚಿಂತೆಯೇ ಇಲ್ಲ.

ಗಾಡಿ ಮಾರಿದವರನ್ನು ನಾನು ಬಹಳ ದಿನ ಬೈದುಕೊಂಡೆ. ಅವರು ಕೊಟ್ಟ ಇಂಜಿನ್ನು ಗಟ್ಟಿಯಾಗಿಯೇ ಇತ್ತು. ದಾರಿಗೆ ಅಡ್ಡ ನಿಂತವನು ನಾನು, ನನ್ನ ಅಂಗಡಿಯ ಬೋರ್ಡಿನ ಮರ್ಯಾದೆ. ಇದು ತಿಳಿದ ಮೇಲೂ ಒಂದು ವರ್ಷ ಭಾನುವಾರ ತಪ್ಪಿಸದೆ ಹೋಗಿ ಅದನ್ನು ರಿಪೇರಿ ಮಾಡುತ್ತಲೇ ಇದ್ದೆ. ಯಾರಿಗಾಗಿ ಎಂದು ಮನೆಯಲ್ಲಿ ಕೇಳಿದರೆ ಬೈಕು ಹತ್ತಿ ಹೊರಟುಬಿಡುತ್ತಿದ್ದೆ. ಈಗ ಎಂಥ ಮಳೆಗೂ ಅದರೊಳಗೆ ತೇವವಿಲ್ಲ. ಅಕ್ಕನಿಗೆ ಮಾತ್ರ ಹೇಳಿರಲಿಲ್ಲ.

ಇವತ್ತು ಆ ವಾಸನೆ ತಲೆಗೇರಿ ಕೂರಲಾಗದೆ, ಹೊತ್ತಿಗೆ ಮುಂಚೆಯೇ ಅಂಗಡಿಯ ಬಾಗಿಲೆಳೆದು ಊಟಕ್ಕೆ ಬಂದೆ. ಅವಳ ಮಂಚದ ಪಕ್ಕ ಕೂತು, "ಅಕ್ಕಾ, ಗಾಡಿ ಸರಿಯಾತು. ಒಂದು ಹನಿ ಸೋರಂಗಿಲ್ಲ" ಎಂದೆ.

ಅವಳಿಗೆ ಈಗ ಮಾತು ನಿಧಾನ.

"ಮಾರಿಬಿಡು" ಎಂದಳು. ಸ್ವಲ್ಪ ಸುಧಾರಿಸಿಕೊಂಡು, "ತಗೊಳ್ಳೋರಿಗೆ ಹೇಳು. ತಗೊಂಡ ದಿನಾನೇ... ಹೊರಡ್ರಿ ಅಂತ."

ಮೂತ್ರದ ಚೀಲ ತುಂಬಿತ್ತು. ಬಿಚ್ಚಿಕೊಂಡು ಹೋಗಿ ಬಚ್ಚಲಿಗೆ ಸುರಿದು ಬಂದೆ.