ಹಸೆಗೋಡೆಗೆ ಅಂಟಿಸಿದ ಸ್ಟಿಕ್ಕರ್

ನನ್ನ ಮಗನ ಮದುವೆಯ ಫೋಟೋಗಳಲ್ಲಿ ಮದುಮಕ್ಕಳ ಹಿಂದೆ ಕಾಣುವ ಹಸೆ ನನ್ನ ತಂಗಿ ಬರೆದದ್ದಲ್ಲ. ಸಾಗರದ ಪೇಟೆಯಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ದು. ಫೋಟೋದವನ ಹಟದಿಂದ ಹಾಗಾಯಿತೆಂದು ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳು.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಲಗೇಜ್ ಆಟೋ ಓಡಿಸುತ್ತೇನೆ. ಬರೆದು ರೂಢಿಯಿಲ್ಲ. ಬಾಯಲ್ಲಿ ಹೇಳಹೊರಟರೆ ನಡುವೆ ಎಲ್ಲಾದರೂ ನನ್ನ ಪರವಾಗಿಯೇ ಮಾತು ತಿರುಗಿಸಿಬಿಡುತ್ತೇನೆ ಎಂದು ಹೆದರಿ ಬರೆಯುತ್ತಿದ್ದೇನೆ.

ನಮ್ಮವರ ಮದುವೆಯಲ್ಲಿ ಗಂಡಿನ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಹಸೆ. ಪುಂಡಿ ನಾರಿನ ಕುಂಚದಲ್ಲಿ ನೂಲಿನಷ್ಟು ತೆಳ್ಳಗಿನ ಗೆರೆಗಳು. ಮದುಮಕ್ಕಳು ಕೂರುವುದು ಅದರ ಮುಂದೆ. ಬರೆಯುವ ಹೆಂಗಸನ್ನು ಮನೆಯ ಯಜಮಾನ ವೀಳ್ಯ ಕೊಟ್ಟು ಕರೆಯಬೇಕು. ಕರೆಯದೆ ಯಾರೂ ಕುಂಚ ತರುವುದಿಲ್ಲ. ನಮ್ಮ ಅಮ್ಮನಿಗೆ ಸುತ್ತಲ ಊರುಗಳಿಂದ ವೀಳ್ಯ ಬರುತ್ತಿತ್ತು. ಅಮ್ಮ ಹೋದ ಮೇಲೆ ನಮ್ಮಲ್ಲಿ ಆ ಕೈ ಇರಲಿಲ್ಲ.

ತಂಗಿಯನ್ನು ಬ್ಯಾಕೋಡಿನ ಕಡೆ ಕೊಟ್ಟಿದೆ. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಮಕ್ಕಳು ದೊಡ್ಡವರಾದ ಮೇಲೆ ಒಂದು ದಿನ ಫೋನಿನಲ್ಲಿ, "ಅಣ್ಣಯ್ಯ, ಅಮ್ಮನ ಹಾಗೆ ನಾನೂ ಹಸೆ ಬರೆಯೋಳಾಗ್ಬೇಕು" ಅಂದಳು.

"ಈ ವಯಸ್ಸಲ್ಲಾ? ಕನ್ನಡಕ ಇಲ್ದಿದ್ರೆ ಸಾರಿಗೆ ಸಕ್ಕರೆ ಹಾಕೋಳು ನೀನು."

"ಹಾಕಿದ್ರೂ ನಮ್ಮ ಶಾಲೆ ಮಕ್ಳು ಎರಡ್ ಸಲ ಬಡಿಸ್ಕಂಡು ಉಂತವೆ, ನಿಂಗೇನು?"

ಅವಳು ಹಿಡಿದ ದಾರಿ ನನಗೆ ಆಗ ವಿಚಿತ್ರವೆನಿಸಿತ್ತು. ಚಿತ್ತಾರವನ್ನು ಕಲಿಯಲು ಹೋಗಲಿಲ್ಲ. ಹಸೆ ಬರೆಯುವವಳು ಹೇಗಿರುತ್ತಾಳೆ ಎಂದು ಅಮ್ಮನನ್ನು ನೆನೆದು, ಅದರಂತೆ ಇರತೊಡಗಿದಳು. ಬರೆಯುವವಳು ಕುಂಚವನ್ನು ತಾನೇ ಕಟ್ಟಿಕೊಳ್ಳುತ್ತಾಳೆ, ಆದ್ದರಿಂದ ಮೊದಲು ನಾರು ಕೊಳೆಸಿ ಬಡಿಯುವುದನ್ನು ಕಲಿತಳು. ಬರೆಯುವವಳು ಗೋಡೆಯ ಮುಂದೆ ಅವಸರ ಮಾಡುವುದಿಲ್ಲ, ಆದ್ದರಿಂದ ಶಾಲೆಯಿಂದ ಬಂದವಳೇ ಹಿತ್ತಿಲ ಗೋಡೆಗೆ ಮುಖ ಮಾಡಿ ಸುಮ್ಮನೆ ಕೂರುತ್ತಿದ್ದಳು. ಆಮೇಲೆ ದಿನಕ್ಕೊಂದು ಗೆರೆ. ಎಳೆಯುವುದು, ನೋಡುವುದು, ಒರೆಸುವುದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಯ ಮೇಲೂ ಅವಳದೇ ಚಿತ್ತಾರ.

ಮಗನಿಗೆ ತೀರ್ಥಹಳ್ಳಿಯ ಕಡೆಯ ಹೆಣ್ಣು ಗೊತ್ತಾಯಿತು. ನಿಶ್ಚಯದ ದಿನ ಎಲ್ಲರ ಎದುರು ತಂಗಿಯ ಕೈಗೆ ವೀಳ್ಯ ಕೊಟ್ಟೆ. ಅವಳು ಕಣ್ಣಿಗೊತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಮದುವೆಗೆ ಕರೆಯಲು ಬ್ಯಾಕೋಡಿಗೆ ಹೋದಾಗ ಅವಳಿನ್ನೂ ಶಾಲೆಯಲ್ಲಿದ್ದಳು. ಹಿತ್ತಿಲಿಗೆ ಹೋಗಿ ಗೋಡೆ ನೋಡಿದೆ. ಹಿಂದಿನ ದಿನದ, ಇನ್ನೂ ಒರೆಸದ ಗೆರೆ ಮೇಲಿನಿಂದ ನೆಟ್ಟಗೆ ಬಂದು ನಡುವೆ ವಾಲಿತ್ತು. ಬೀಗರ ಕಡೆ ಮೇಷ್ಟ್ರುಗಳಿದ್ದರು, ಬ್ಯಾಂಕಿನವರಿದ್ದರು. ಅವರ ಮುಂದೆ ಇಂಥ ಗೆರೆಯೇ ಎನಿಸಿತು. ತಂಗಿ ಬರುವ ಮೊದಲೇ ಹೊರಟೆ. ಹಿನ್ನೀರಿಗೆ ಹೊಸ ಸೇತುವೆ ಆಗಿತ್ತಲ್ಲ. ಮೊದಲಿನ ಹಾಗೆ ಲಾಂಚಿಗೆ ಕಾಯುವುದಿದ್ದರೆ ಮನಸ್ಸು ಬದಲಾಗುತ್ತಿತ್ತೋ ಏನೋ. ನೇರ ಪ್ರಿಂಟಿನ ಅಂಗಡಿಗೆ ಹೋದೆ.

ಮದುವೆಗೆ ಮುಂಚಿನ ದಿನ ತಂಗಿ ಬಸ್ಸಿಳಿದು ಬಂದಳು. ಒಂದು ಕೈಯಲ್ಲಿ ಕೆಮ್ಮಣ್ಣಿನ ಚೀಲ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಕುಂಚ. ಗೋಡೆಯ ಮೇಲೆ ಸ್ಟಿಕ್ಕರ್ ಹೊಳೆಯುತ್ತಿತ್ತು. ಫೋಟೋದವನ ಹಟ ಎಂದು ಅವಳಿಗೂ ಹೇಳಿದೆ. ಅದರ ಮೇಲೆ ಬೆರಳಾಡಿಸಿ, "ನುಣ್ಣಗಿದೆ" ಅಂದಳು. ಚೀಲವನ್ನು ಕೊಟ್ಟಿಗೆಯಲ್ಲಿಟ್ಟು ಕಾಯಿ ತುರಿಯಲು ಕೂತಳು.

ಹೊಸನಗರದಿಂದ ಬಂದಿದ್ದ ಚಿಕ್ಕಮ್ಮ ಬಿಡಲಿಲ್ಲ. "ಎಂತೇ, ವೀಳ್ಯ ತಗಂಡೋಳು ನೀನು, ಬರ್ದಿದ್ದು ಮಿಷನ್ನಾ?"

"ಫೋಟೋದವ್ರಿಗೆ ಇದೇ ಚಂದ ಬರ್ತದಂತೆ ಚಿಕ್ಕಮ್ಮ."

ನನ್ನ ಸುಳ್ಳಿನಿಂದ ಅವಳು ನನ್ನ ಮಾನ ಉಳಿಸಿದಳು. ಅವಳ ಮಾನ ಉಳಿಯಲಿಲ್ಲ. ಕೊಟ್ಟ ವೀಳ್ಯ ತವರಿನವರೇ ಮುರಿದರೆಂದರೆ ಆ ಕೈಯಲ್ಲಿ ಏನೋ ಊನವಿದೆ ಎಂದು ಜನ ತಿಳಿಯುತ್ತಾರೆ. ಆಮೇಲೆ ಚಿಕ್ಕಮ್ಮನ ಮನೆಯಲ್ಲೇ ಒಂದು ಮದುವೆಯಾಯಿತು. ಹಸೆಗೆ ಬೇರೆಯವರನ್ನು ಕರೆದರು. ತಂಗಿ ಅಲ್ಲಿಯೂ ಕಾಯಿ ತುರಿದಳು.

ಮಳೆಗಾಲದ ಥಂಡಿಗೆ ಸ್ಟಿಕ್ಕರಿನ ಮೂಲೆ ಬಿಟ್ಟಿತು. ಎಳೆದರೆ ಅದರ ಜೊತೆ ಗೋಡೆಯ ಮಣ್ಣೂ ಕಳಚಿ ಬಂತು. ದೀಪಾವಳಿಗೆ ಗೋಡೆ ಬಳಿದು ಚಿತ್ತಾರ ಬರೆಸುವ ಹೊತ್ತು. ನಾಲ್ಕು ಎಲೆ, ಎರಡು ಅಡಿಕೆ ತಟ್ಟೆಯಲ್ಲಿಟ್ಟುಕೊಂಡು ಬ್ಯಾಕೋಡಿಗೆ ಹೋದೆ. ಈ ಸಲ ಅವಳು ಬರುವವರೆಗೂ ಕೂತೆ.

"ಫೋಟೋದವನು ಏನೂ ಹೇಳಿರ್ಲಿಲ್ಲ ಕಣೆ. ನಾನೇ ಮಾಡ್ಸಿದ್ದು. ನಿನ್ನ ಗೆರೆ ವಾಲಿದ್ದು ನೋಡಿ ನಾಚ್ಕೆ ಆಯ್ತು."

ಅತ್ತುಬಿಡುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ.

"ಯಾವ ಗೆರೆ?" ಅಂದಳು.

"ಎಂತ?"

"ಯಾವ ಗೆರೆ ಅಂತ ತೋರ್ಸು. ವೀಳ್ಯ ಅಲ್ಲಿಡು."

ಹಿತ್ತಿಲಿಗೆ ಹೋದೆವು. ಗೋಡೆಗೆ ಹೊಸದಾಗಿ ಕೆಮ್ಮಣ್ಣು ಬಳಿದಿತ್ತು. ಅದರ ಮೇಲೆ ಹಿಂದಿನ ದಿನದ ಒಂದು ಗೆರೆ ಬೆಳ್ಳಗೆ ಕಾಣುತ್ತಿತ್ತು. ಅವಳು ಬಿಟ್ಟೇ ಇರಲಿಲ್ಲ. ಮೇಲಿನಿಂದ ಕೆಳಕ್ಕೆ ಬೆರಳು ತಂದು, "ಇಲ್ಲಿ" ಅಂದೆ.

"ಹೌದು, ಅಲ್ಲಿಗೆ ಬಂದಾಗ ಉಸಿರು ಬಿಟ್ಬಿಡ್ತಿದ್ದೆ. ಅವತ್ತೇ ಒಂದ್ ಮಾತು ಹೇಳಿದ್ರೆ ತಿದ್ಕಂತಿದ್ದೆ."

"ಯಾರೂ ಕರೀದಿದ್ರೂ ದಿನಾ ಬರೀತೀಯಾ?"

"ಕರೆದ ದಿನ ಮಾತ್ರ ಬರೆಯೋಳಾದ್ರೆ ಅವತ್ತು ಕೈ ನಡುಗ್ತದೆ ಅಣ್ಣಯ್ಯ." ಆ ಗೆರೆಯನ್ನು ಒರೆಸುತ್ತ, "ನಂಗೂ ಬೇಜಾರಾಗಿತ್ತು. ಇಲ್ಲ ಅನ್ನಲ್ಲ" ಅಂದಳು. "ಮೊದ್ಲು ಗೋಡೆ ನೀನೇ ಸರಿ ಮಾಡು. ಆಮೇಲೆ ವೀಳ್ಯ ತಗಂತೀನಿ."

ಮನೆಗೆ ಬಂದು ಆಳು ಹಚ್ಚದೆ ನಾನೇ ಮಣ್ಣು ಕಲಸಿದೆ. ಗಂಟು ಉಳಿದ ಕಡೆ ಮತ್ತೆ ಕೆತ್ತಿ ಮೆತ್ತಿದೆ. ಗೋಡೆ ಒಣಗುವಷ್ಟರಲ್ಲಿ ಹೊಸನಗರಕ್ಕೆ ಫೋನ್ ಮಾಡಿ ಚಿಕ್ಕಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಚೆನ್ನಾಗಿ ಬೈದು, "ದೀಪಾವಳಿಗೆ ಬರ್ತೀನಿ, ಗೋಡೆ ನೋಡ್ಬೇಕು" ಅಂದಳು.

ತಂಗಿ ಬಂದು ಅಂಗೈಯಿಂದ ಗೋಡೆ ಸವರಿ ನೋಡಿ ವೀಳ್ಯ ತೆಗೆದುಕೊಂಡಳು. ಅಕ್ಕಿಹಿಟ್ಟಿನ ಬಟ್ಟಲು ಹಿಡಿದು ನಾನು ಪಕ್ಕದಲ್ಲಿ ನಿಂತೆ. ಚಿಕ್ಕಮ್ಮ ಚಾಪೆಯ ಮೇಲೆ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದಳು. ಮೊದಲ ಗೆರೆ ಮೇಲಿನಿಂದ ಇಳಿಯತೊಡಗಿತು. ನಡುವೆ ಬಂದಾಗ ಕೂದಲೆಳೆಯಷ್ಟು ಅಲುಗಿತು, ನಾನು ಕಂಡೆ. ಅವಳು ಕೈ ಎತ್ತಲಿಲ್ಲ. ಗೆರೆ ಮತ್ತೆ ನೆಟ್ಟಗಾಗಿ ಕೆಳಗಿನವರೆಗೂ ಇಳಿಯಿತು. ಬಟ್ಟಲನ್ನು ಅವಳ ಕೈಗೆ ಎಟುಕುವಂತೆ ಇನ್ನಷ್ಟು ಹತ್ತಿರ ಹಿಡಿದೆ.