ಫಕ್ಕೀರಪ್ಪನ ಮೂರು ಚಾಳೀಸು

ನಾನು ನಿವೃತ್ತನಾಗುವ ಹಿಂದಿನ ವರ್ಷ ಮುಂಡಗೋಡ ತಾಲ್ಲೂಕಿನಲ್ಲಿ ನೇತ್ರಾಧಿಕಾರಿಯಾಗಿದ್ದೆ. ಈ ಹುದ್ದೆಯವರು ವೈದ್ಯರಲ್ಲ. ದೃಷ್ಟಿ ಪರೀಕ್ಷಿಸಿ ಕನ್ನಡಕದ ನಂಬರ್ ಬರೆದುಕೊಡುವುದು, ರೋಗದ ಗುರುತು ಕಂಡರೆ ಹುಬ್ಬಳ್ಳಿಯ ವೈದ್ಯರಿಗೆ ಕಳಿಸುವುದು ನಮ್ಮ ಕೆಲಸ.

ಒಂದು ಬೆಳಿಗ್ಗೆ ಪೇಟೆಯ ಕನ್ನಡಕದ ಅಂಗಡಿಯವರೊಬ್ಬರು ದೂರು ಹೊತ್ತು ಬಂದರು. ಸಂತೆಯಲ್ಲಿ ನೀಲವ್ವ ಎಂಬ ಹೆಂಗಸು ರೆಡಿಮೇಡ್ ಚಾಳೀಸು ಮಾರುತ್ತಾಳೆ, ಚೀಟಿಯಿಲ್ಲ, ಪರೀಕ್ಷೆಯಿಲ್ಲ ಎಂದರು. “ಚಿಗಳ್ಳಿ ಟೇಲರ್ ಫಕ್ಕೀರಪ್ಪಂದು ಒಂದ ಕಣ್ಣ ಹೋಗೇತ್ರಿ ಸರ್. ಆಕಿ ಅಂಗಡಿ ಬಂದ್ ಮಾಡಸ್ರಿ.”

ಚಾಳೀಸು ಎಂದರೆ ನಲವತ್ತು ದಾಟಿದವರು ಓದಲು, ಸೂಜಿ ಪೋಣಿಸಲು ಹಾಕುವ ಕನ್ನಡಕ. ರೆಡಿಮೇಡ್ ಆದರೆ ಎರಡು ಕಣ್ಣಿಗೂ ಒಂದೇ ನಂಬರ್. ಅದನ್ನು ನಾನು ಎಂದೂ ನಂಬಿದವನಲ್ಲ. ಮಾರಾಟ ನಿಲ್ಲಿಸುವ ಅಧಿಕಾರ ನನಗಿದೆಯೇ ಎಂಬುದು ನನಗೇ ಖಾತ್ರಿಯಿರಲಿಲ್ಲ. ಆದರೂ ಮುಂದಿನ ಸಂತೆಗೆ ಗಿರಾಕಿಯಂತೆ ಹೋದೆ. ಅವಳನ್ನು ಮಾರುವಾಗಲೇ ಹಿಡಿಯುವ ಉದ್ದೇಶವಿತ್ತು.

ನೀಲವ್ವ ಬಳೆ, ಬಾಚಣಿಕೆಗಳ ಪಕ್ಕದಲ್ಲಿ ಕನ್ನಡಕಗಳನ್ನು ಸಾಲಾಗಿ ಇಟ್ಟಿದ್ದಳು. ಐವತ್ತರ ಆಸುಪಾಸಿನ ವಯಸ್ಸು. ನನ್ನ ಕೈಗೆ ಹಳೇ ಪೇಪರ್ ಕೊಟ್ಟು, “ಒಂದ ಕಣ್ಣ ಮುಚ್ಚಿ ಓದ್ರಿ. ಈಗ ಇನ್ನೊಂದ ಮುಚ್ಚರಿ” ಎಂದಳು.

“ಇದನ್ನ ಯಾರ ಕಲಿಸ್ಯಾರವ್ವ ನಿನಗ?”

“ನಮ್ಮವ್ವಂದು ಒಂದ ಕಣ್ಣ ಹಂಗ ಹೋತ್ರಿ. ಎರಡೂ ಕಣ್ಣ ತೆರಕೊಂಡ ನೋಡಿದ್ರ ಗೊತ್ತ ಆಗಂಗಿಲ್ಲ.”

ನಾನು ಯಾರೆಂದು ತಿಳಿಸಿ ಫಕ್ಕೀರಪ್ಪನ ವಿಷಯ ತೆಗೆದೆ. ಅವಳು ಪೇಪರ್ ಮಡಚಿಟ್ಟಳು. “ಅವ್ರಿಗೆ ನಾ ಕೊಟ್ಟಿಲ್ಲರಿ. ಬಲಗಣ್ಣ ಮುಚ್ಚಿದ್ರ ಓದ್ತಾರ, ಎಡಗಣ್ಣ ಮುಚ್ಚಿದ್ರ ಪೇಪರ್ರ ಕಾಣವಲ್ದು. ದವಾಖಾನಿಗೆ ಹೋಗ್ರಿ ಅಂತ ಹೇಳಿ ಕಳಿಸಿನಿ.”

ಸಿಕ್ಕಿಬಿದ್ದವರು ಹೇಳುವ ಮಾತೇ ಇದು ಎಂದುಕೊಂಡೆ. ಅವಳಿಂದ ಮೂರು ಚಾಳೀಸು ಕೊಂಡು ಆಸ್ಪತ್ರೆಗೆ ತಂದು, ಗಾಜಿನ ಶಕ್ತಿ ಅಳೆಯುವ ಲೆನ್ಸೋಮೀಟರ್‌ನಲ್ಲಿಟ್ಟು ನೋಡಿದೆ. ಮೂರರಲ್ಲೂ ಗಾಜಿನ ಮೇಲೆ ಅಂಟಿಸಿದ್ದ ನಂಬರೇ ಬಂತು. ನನಗೆ ಸಂತೋಷವಾಗಲಿಲ್ಲ, ನಿರಾಸೆಯಾಯಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮರುದಿನ ಚಿಗಳ್ಳಿಗೆ ಹೋದೆ. ಫಕ್ಕೀರಪ್ಪ ಶಾಲಾ ಸಮವಸ್ತ್ರ ಹೊಲಿಯುತ್ತ ಕುಳಿತಿದ್ದ. ತಲೆಯನ್ನು ಬಲಕ್ಕೆ ವಾಲಿಸಿ ಎಡಗಣ್ಣಿನಿಂದಲೇ ಹೊಲಿಗೆ ನೋಡುತ್ತಿದ್ದ. ಸಂತೆಯವಳು ಏನು ಕೊಟ್ಟಳೆಂದು ಕೇಳಿದೆ.

“ಆಕಿ ಕೊಡಲಿಲ್ಲರಿ. ದವಾಖಾನಿಗೆ ಹೋಗ್ ಅಂದ್ಲು. ಸೀಜನ್ ಮುಗೀಲಿ ಅಂತ ನಾನ ಕುಂತೆ.”

ಅವನ ಹೆಂಡತಿ ಒಳಗಿನಿಂದ ಮೂರು ಕನ್ನಡಕ ತಂದು ಮಷಿನ್ ಮೇಲಿಟ್ಟಳು. ಎರಡು ಪೇಟೆಯ ಅಂಗಡಿಯವು. ಅದೂ ದೂರು ಕೊಟ್ಟವರ ಅಂಗಡಿ! ಕಂಪ್ಯೂಟರ್ ಪರೀಕ್ಷೆ ಮಾಡಿ, ಅವನು ಮಂಜು ಎಂದಾಗಲೆಲ್ಲ ನಂಬರ್ ಏರಿಸಿ ಕೊಟ್ಟಿದ್ದರು. ಫಕ್ಕೀರಪ್ಪನ ಕಣ್ಣಿನ ದೂರು ತಮ್ಮ ಬಾಗಿಲಿಗೆ ಬರುವ ಮೊದಲು ಅವರು ನನ್ನನ್ನು ಸಂತೆಗೆ ಕಳಿಸಿದ್ದು ಯಾಕೆಂದು ಆಗ ಅರ್ಥವಾಯಿತು. ಮೂರನೆಯದು ಕಂದು ಫ್ರೇಮಿನ ಹಳೆಯ ಕನ್ನಡಕ.

“ಇದ ಎಲ್ಲಿದಪ್ಪ?”

“ನೀವ ಕೊಟ್ಟದ್ದರಿ ಸಾಹೇಬ್ರ. ಮೂರ ವರ್ಷದ ಹಿಂದ, ಸಾಲಿ ಕ್ಯಾಂಪಿನಾಗ.”

ಆ ಶಿಬಿರ ನೆನಪಾಯಿತು. ಶಾಲೆಯ ಗೇಟಿನವರೆಗೂ ಸಾಲಿತ್ತು. ಎರಡೂ ಕಣ್ಣು ತೆರೆಸಿ ಅಕ್ಷರದ ಫಲಕ ಓದಿಸಿ, ಓದಿದವರ ಕೈಗೆ ಕನ್ನಡಕ ಕೊಟ್ಟು ಮುಂದೆ ಕಳಿಸಿದ್ದೆ. “ಆವಾಗ ಬಲಗಣ್ಣ ಹೆಂಗಿತ್ತು?” ಎಂದು ಕೇಳಿದೆ.

“ಆವಾಗನ ಮಸಕ ಇತ್ತರಿ. ನೀವ ಕೇಳಲಿಲ್ಲ, ನಾ ಹೇಳಲಿಲ್ಲ.”

ಅಂದೇ ಆಸ್ಪತ್ರೆಗೆ ಕರೆತಂದು ಕಣ್ಣಿನ ಒತ್ತಡ ಅಳೆದೆ. ಎರಡರಲ್ಲೂ ಹೆಚ್ಚಿತ್ತು. ಇದು ಗ್ಲಾಕೋಮಾ. ನೋವಿಲ್ಲದೆ ಒಳಗಿನ ನರ ಸವೆಯುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ. ಹುಬ್ಬಳ್ಳಿಗೆ ಚೀಟಿ ಬರೆಯುವ ಮುನ್ನ ಹೇಳಿದೆ, “ಫಕ್ಕೀರಪ್ಪ, ಅವತ್ತ ನಾ ಒಂದೊಂದ ಕಣ್ಣ ನೋಡಬೇಕಿತ್ತು. ನೋಡಲಿಲ್ಲ. ತಪ್ಪ ನಂದೂ ಐತಿ.”

ಅವನು ಬೈದಿದ್ದರೆ ಹಗುರಾಗುತ್ತಿತ್ತು. “ಅದ ಇರ್ಲಿ ಬಿಡ್ರಿ, ಎಡಗಣ್ಣರ ಉಳಿತೈತೇನು ಹೇಳ್ರಿ” ಎಂದ.

ಉಳಿಯಿತು. ಬಲಗಣ್ಣು ಹೋಯಿತು. ದಿನಕ್ಕೆರಡು ಸಲ ಔಷಧಿಯ ಹನಿ ಹಾಕಿಕೊಂಡು ಅವನು ಈಗಲೂ ಹೊಲಿಯುತ್ತಾನೆ. ಅಂಗಡಿಯವರಿಗೆ ಮೂರೂ ಕನ್ನಡಕ ತೋರಿಸಿದೆ, ನನ್ನದನ್ನೂ ಸೇರಿಸಿ. ನೀಲವ್ವನ ಬಳಿ ಹೋಗಿ, ಅವಳನ್ನು ಅನುಮಾನಿಸಿದ್ದೆನೆಂದು ಒಪ್ಪಿಕೊಂಡೆ. “ಗೊತ್ತಿತ್ತರಿ,” ಎಂದಳು, “ಮೂರು ಚಾಳೀಸು ಯಾರ ಒಮ್ಮೆಲೆ ತಗೊಂತಾರ?”

ಚಾಳೀಸನ್ನು ಚೀಟಿಯಿಲ್ಲದೆ ಮಾರಬಹುದೇ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಮಾರಲಿ ಎನ್ನುತ್ತೇನೆ, ಹಳ್ಳಿಯವರಿಗೆ ಸೂಜಿ ಕಾಣಲು ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆಯಲಾಗದು. ಆದರೆ ಮಾರುವವರೆಲ್ಲ ನೀಲವ್ವನಂತೆ ಇರುತ್ತಾರೆಂದು ನಂಬುವುದಿಲ್ಲ. ಬಿಳಿ ಕೋಟು ಹಾಕಿದವರು ನೋಡಿದ್ದಾರೆ ಅಂದಮಾತ್ರಕ್ಕೂ ನಂಬುವುದಿಲ್ಲ. ಕೊನೆಯ ವರ್ಷದ ಶಿಬಿರಗಳಲ್ಲಿ ನಾನು ಪ್ರತಿಯೊಬ್ಬರ ಒಂದೊಂದು ಕಣ್ಣನ್ನೂ ಅಂಗೈಯಿಂದ ಮುಚ್ಚಿಸಿ ನೋಡಿದೆ. ಸಾಲು ಕರಗಲು ಸಂಜೆಯಾಗುತ್ತಿತ್ತು, ಜನ ಗೊಣಗುತ್ತಿದ್ದರು. ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಆ ಗೊಣಗಾಟ ಕೇಳಿಸಿಕೊಂಡೂ ಅವಸರ ಮಾಡದಿರುವುದನ್ನು. ಅದನ್ನು ಕಲಿಯುವಷ್ಟರಲ್ಲಿ ಒಬ್ಬ ಟೇಲರನ ಬಲಗಣ್ಣು ಹೋಗಿತ್ತು.